ಬ್ಯೋಮಕೇಶ, ರಣಜಿ ಮತ್ತು ನಮ್ಮಪ್ಪ

ನಮ್ಮ ಮನೆಯಲ್ಲಿ ಎರಡು ವ್ಯಸನಗಳಿದ್ದವು. ಒಂದು ಟಿ.ವಿ.ಯ ಪತ್ತೇದಾರಿ ಧಾರಾವಾಹಿ, ಇನ್ನೊಂದು ಕರ್ನಾಟಕದ ರಣಜಿ ತಂಡ. ಎರಡೂ ಅಪ್ಪನಿಂದ ಬಂದ ಪಿತ್ರಾರ್ಜಿತ. ಮೈಸೂರಿನ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದ ಅವರು ಬೇರೆ ಆಸ್ತಿಯೇನೂ ಮಾಡಲಿಲ್ಲ. ಈ ಆಸ್ತಿಯಲ್ಲಿ ಒಂದು ಅನುಕೂಲವುಂಟು. ನಾನೂ ತಂಗಿಯೂ ಎಷ್ಟು ಪಾಲು ಮಾಡಿಕೊಂಡರೂ ಯಾರಿಗೂ ಕಡಿಮೆ ಬೀಳಲಿಲ್ಲ, ಕೋರ್ಟು ಕಚೇರಿ ಹತ್ತುವ ಪ್ರಸಂಗವೂ ಬರಲಿಲ್ಲ.

ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಬಾಡಿಗೆ ಲೈಬ್ರರಿಯಿಂದ ತಂದು ಓದಿಯೇ ಅಪ್ಪನಿಗೆ ಆ ರುಚಿ ಹತ್ತಿದ್ದು. 1985ರಲ್ಲಿ ದೂರದರ್ಶನದಲ್ಲಿ ‘ಕರಮ್‌ಚಂದ್’ ಶುರುವಾದಾಗ ನಾನು ಹೈಸ್ಕೂಲಿನಲ್ಲಿದ್ದೆ. ಪಂಕಜ್ ಕಪೂರ್ ಕ್ಯಾರೆಟ್ ಕಡಿಯುತ್ತ ಕಳ್ಳರನ್ನು ಹಿಡಿಯುವುದನ್ನು ನೋಡಿ, ನಮಗೂ ಬುದ್ಧಿ ಬರಲೆಂದೋ ಏನೋ, ಅಮ್ಮ ವಾರಕ್ಕೆರಡು ಸಲ ಕ್ಯಾರೆಟ್ ಕೋಸಂಬರಿ ಮಾಡತೊಡಗಿದರು. ಆದರೆ ಮನೆಯವನೇ ಆಗಿಬಿಟ್ಟ ಪತ್ತೇದಾರನೆಂದರೆ 1993ರಲ್ಲಿ ಬಂದ ‘ಬ್ಯೋಮಕೇಶ್ ಬಕ್ಷಿ’. ಬಂಗಾಳಿ ಲೇಖಕ ಶರದಿಂದು ಬಂದ್ಯೋಪಾಧ್ಯಾಯರ ಕಥೆಗಳನ್ನು ಬಾಸು ಚಟರ್ಜಿ ಹಿಂದಿಯಲ್ಲಿ ತೆರೆಗೆ ತಂದಿದ್ದರು. ಬ್ಯೋಮಕೇಶನಾಗಿ ರಜಿತ್ ಕಪೂರ್, ಗೆಳೆಯ ಅಜಿತನಾಗಿ ಕೆ.ಕೆ. ರೈನಾ. ಪಂಚೆ ಉಟ್ಟು, ಸದ್ದುಗದ್ದಲವಿಲ್ಲದೆ ಯೋಚಿಸುವ ಈ ಮನುಷ್ಯನಿಗೆ ಪತ್ತೇದಾರ ಎಂದು ಕರೆಸಿಕೊಳ್ಳುವುದೇ ಇಷ್ಟವಿಲ್ಲ. ತಾನು ಸತ್ಯಾನ್ವೇಷಿ ಎನ್ನುತ್ತಾನೆ. ಆಗ ತಾನೇ ಬಿ.ಎಸ್ಸಿ. ಮುಗಿಸಿ ಬಿ.ಎಡ್. ಸೇರಿದ್ದ ನನಗೆ ಆ ಒಂದು ಪದವೇ ಸಾಕಾಗಿತ್ತು.

ರೈಲ್ವೆಯ ನೌಕರಿಯಿಂದಾಗಿ ಅಪ್ಪನಿಗೆ ಹಿಂದಿ ಬರುತ್ತಿತ್ತು. ನಮಗೆಲ್ಲ ಅವರೇ ದುಭಾಷಿ. ಅವರದೊಂದು ಪದ್ಧತಿಯಿತ್ತು. ಕಥೆ ಅರ್ಧಕ್ಕೆ ಬರುವಷ್ಟರಲ್ಲಿ ಹಳೆಯ ಕ್ಯಾಲೆಂಡರಿನ ಹಾಳೆ ಹರಿದು, ಅಪರಾಧಿ ಯಾರೆಂದು ಚೀಟಿಯಲ್ಲಿ ಬರೆದು, ಮಡಿಸಿ ಟಿ.ವಿ. ಮೇಲಿನ ಕಸೂತಿ ಬಟ್ಟೆಯ ಕೆಳಗೆ ಇಡುತ್ತಿದ್ದರು. ನಾವೂ ಬರೆಯಬೇಕು. ಕೊನೆಯಲ್ಲಿ ಚೀಟಿ ಬಿಚ್ಚುವ ಶಾಸ್ತ್ರ. ಗೆದ್ದವರಿಗೆ ಬಹುಮಾನವಿಲ್ಲ, ಆದರೆ ಹೇಗೆ ಗೊತ್ತಾಯಿತೆಂದು ಕಾರಣ ಹೇಳಬೇಕು. ಕಾರಣವಿಲ್ಲದೆ ಸರಿ ಬರೆದವರಿಗೆ ಅವರು ಪೂರ್ತಿ ಮರ್ಯಾದೆ ಕೊಡುತ್ತಿರಲಿಲ್ಲ. ಅಮ್ಮ ಮಾತ್ರ ‘ನನಗೆ ಇವೆಲ್ಲ ತಿಳಿಯೋದಿಲ್ಲ’ ಎಂದು ಹೂ ಕಟ್ಟುತ್ತ ಕೂರುತ್ತಿದ್ದರು.

‘ರಾಸ್ತೆ ಕಾ ಕಾಂಟಾ’ ಎಂಬ ಕಂತು ನಿಮಗೂ ನೆನಪಿರಬಹುದು. ರಸ್ತೆ ದಾಟುವ ಜನ ಇದ್ದಕ್ಕಿದ್ದಂತೆ ಸತ್ತು ಬೀಳುತ್ತಾರೆ. ಎದೆಯಲ್ಲಿ ಗ್ರಾಮಾಫೋನಿನ ಮುಳ್ಳು. ಕೊಲೆಗಾರ ಸೈಕಲ್ಲಿನ ಗಂಟೆಯೊಳಗೆ ಸ್ಪ್ರಿಂಗ್ ಅಳವಡಿಸಿ, ಗಂಟೆ ಬಾರಿಸುವ ನೆಪದಲ್ಲಿ ಮುಳ್ಳು ಹಾರಿಸುತ್ತಿರುತ್ತಾನೆ. ಮೂಲ ಕಥೆ 1932ರದು. ಒತ್ತಿದ ಸ್ಪ್ರಿಂಗಿನ ಪ್ರಚ್ಛನ್ನ ಶಕ್ತಿ ಚಲನ ಶಕ್ತಿಯಾಗುತ್ತದೆಂದು ನಾನು ಪುಸ್ತಕದ ಬದನೆಕಾಯಿ ಒಪ್ಪಿಸಿದೆ. ಅಪ್ಪ ಒಪ್ಪಲಿಲ್ಲ. ಚೀಟಿಯ ಹಿಂದೆಯೇ ಚಿತ್ರ ಬರೆದು, ‘ಅಷ್ಟು ಗಡಸು ಸ್ಪ್ರಿಂಗ್ ಆ ಗಂಟೇಲಿ ಹಿಡಿಸೋದಿಲ್ಲ ಕಣಯ್ಯ’ ಎಂದು ಫಿಟ್ಟರನ ತೀರ್ಪು ಕೊಟ್ಟರು. ಆ ವಾದ ವಾರಗಟ್ಟಲೆ ನಡೆಯಿತು.

ಇನ್ನು ರಣಜಿಯ ಕಥೆ. ಅದು ನಮ್ಮ ಮನೆಯಲ್ಲಿ ಪುರಾಣ ಶ್ರವಣದ ಹಾಗೆ. ರಣಜಿ ಟೂರ್ನಿಯ ಮೊಟ್ಟಮೊದಲ ಪಂದ್ಯ ಆಡಿದ್ದೇ ನಾವು. ಆಗ ತಂಡದ ಹೆಸರು ಮೈಸೂರು. 1934ರ ನವೆಂಬರ್ 4ರಂದು ಚೆಪಾಕಿನಲ್ಲಿ ಮದ್ರಾಸ್ ತಂಡ ನಮ್ಮನ್ನು ಒಂದೇ ದಿನದಲ್ಲಿ, ಇನಿಂಗ್ಸ್ ಸೋಲಿನೊಂದಿಗೆ ಮನೆಗೆ ಕಳಿಸಿತು. 1941-42ರಲ್ಲಿ ಫೈನಲ್ ತಲುಪಿ ಬಾಂಬೆಗೆ ಸೋತೆವು. ಬಾಂಬೆಯವರಂತೂ 1958-59ರಿಂದ ಸತತ ಹದಿನೈದು ವರ್ಷ ಕಪ್ಪನ್ನು ಯಾರಿಗೂ ಮುಟ್ಟಗೊಡಲಿಲ್ಲ. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂತು. ಅದೇ ಋತುವಿನ ಸೆಮಿಫೈನಲ್, 1974ರ ಮಾರ್ಚ್‌ನಲ್ಲಿ, ಬೆಂಗಳೂರಿನಲ್ಲಿ, ಅದೇ ಬಾಂಬೆಯೆದುರು. ಅಪ್ಪ ರಜೆ ಹಾಕಿ, ಅಮ್ಮನಿಗೆ ‘ಆಫೀಸ್ ಕೆಲಸ’ ಎಂದು ಹೇಳಿ ರೈಲು ಹತ್ತಿದರು.

ಮುಂದಿನದನ್ನು ನಾನು ನಿದ್ದೆಯಲ್ಲಿ ಕೂಡ ಹೇಳಬಲ್ಲೆ. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106, ಕರ್ನಾಟಕ 385. ಬಾಂಬೆಯ ಸರದಿಯಲ್ಲಿ ನಾಯಕ ಪ್ರಸನ್ನರ ಒಂದು ಎಸೆತ ಗಾಳಿಯಲ್ಲಿ ತೇಲಿ, ಇಳಿದು, ಗಾವಸ್ಕರರನ್ನು ದಾಟಿ ವಿಕೆಟ್ಟಿಗೆ ಬಡಿಯಿತು. ಆ ಚೆಂಡಿನ ದಾರಿಯನ್ನು ಅಪ್ಪ ತೋರುಬೆರಳಿನಿಂದ ಗಾಳಿಯಲ್ಲಿ ಬರೆದು ತೋರಿಸುತ್ತಿದ್ದರು. ಆಮೇಲೆ ವಾಡೇಕರ್ ರನ್‌ಔಟ್. ಬಾಂಬೆ 307. ಮೊದಲ ಇನಿಂಗ್ಸ್ ಮುನ್ನಡೆಯ ಮೇಲೆ ಗೆದ್ದೆವು. ಜೈಪುರದ ಫೈನಲ್ಲಿನಲ್ಲಿ ರಾಜಸ್ತಾನವನ್ನೂ ಸೋಲಿಸಿ ಮೊದಲ ಬಾರಿ ಕಪ್ ತಂದೆವು. ನನಗಾಗ ನಾಲ್ಕು ವರ್ಷ. ಆದರೂ ಆ ಪಂದ್ಯವನ್ನು ಕಣ್ಣಾರೆ ಕಂಡಂತೆಯೇ ನನಗೆ ಭಾಸ.

ಧಾರಾವಾಹಿಗೂ ಊರಿನ ತಂಡಕ್ಕೂ ಇರುವ ವ್ಯತ್ಯಾಸ ನೋಡಿ. ಧಾರಾವಾಹಿಯಲ್ಲಿ ಕೊನೆಯ ಐದು ನಿಮಿಷಕ್ಕೆ ಸತ್ಯ ಸಿಕ್ಕೇ ಸಿಗುತ್ತದೆ, ಅದು ಕರಾರು. ತಂಡದ ವಿಷಯದಲ್ಲಿ ಯಾರೂ ಯಾವ ಕರಾರನ್ನೂ ಬರೆದುಕೊಟ್ಟಿಲ್ಲ. 2010ರ ಜನವರಿಯಲ್ಲಿ ರಣಜಿ ಫೈನಲ್ ನಮ್ಮ ಊರಿಗೇ ಬಂತು. ಮಾನಸಗಂಗೋತ್ರಿಯ ಗಂಗೋತ್ರಿ ಗ್ಲೇಡ್ಸ್ ಮೈದಾನಕ್ಕೆ. ಎದುರಾಳಿ ಮತ್ತೆ ಮುಂಬೈ. ಮರದ ಕೊಂಬೆಗಳ ಮೇಲೂ ಜನ. ಅರವತ್ತೆಂಟರ ಅಪ್ಪ ಮಂಕಿಕ್ಯಾಪ್ ಹಾಕಿಕೊಂಡು, ಚಿತ್ರಾನ್ನದ ಡಬ್ಬಿ ಹಿಡಿದು ಬೆಳಗ್ಗೆಯೇ ಹಾಜರು. ಗೆಲ್ಲಲು 338 ಬೇಕು. ಮನೀಶ್ ಪಾಂಡೆ 144 ಹೊಡೆದರು, ಗಣೇಶ್ ಸತೀಶ್ ಜೊತೆಗೆ ನಿಂತರು. ಕಪ್ ಕೈಗೆ ಬಂದೇ ಬಿಟ್ಟಿತು ಎನ್ನುವಾಗ ಒಬ್ಬೊಬ್ಬರಾಗಿ ಉದುರಿದರು. 331ಕ್ಕೆ ಎಲ್ಲ ಮುಗಿಯಿತು. ಆರು ರನ್ ಸೋಲು. ದಾರಿಯುದ್ದಕ್ಕೂ ಅಪ್ಪ ಮಾತಾಡಲಿಲ್ಲ. ಕುಕ್ಕರಹಳ್ಳಿ ಕೆರೆಯ ಹತ್ತಿರ ನಿಂತು, ‘ಚೆನ್ನಾಗಿ ಆಡಿದ್ರು ಕಣೋ’ ಎಂದರು. ಅಷ್ಟೇ.

1998-99ರ ಗೆಲುವಿನ ನಂತರ ಮತ್ತೆ ಕಪ್ ಬಂದದ್ದು 2013-14ರಲ್ಲಿ. ಹದಿನೈದು ವರ್ಷ ಕಾದೆವೆಂದು ಷಿಕಾಗೋದಲ್ಲಿರುವ ತಂಗಿಯ ಮಗನ ಹತ್ತಿರ ಜಂಬ ಕೊಚ್ಚಿಕೊಂಡೆ. ಅವನು ನಕ್ಕ. ಅಲ್ಲಿನ ಬೇಸ್‌ಬಾಲ್ ತಂಡ ಕಬ್ಸ್ 1908ರಲ್ಲಿ ವರ್ಲ್ಡ್ ಸೀರೀಸ್ ಗೆದ್ದದ್ದು ಬಿಟ್ಟರೆ ಮತ್ತೆ ಗೆದ್ದಿರಲೇ ಇಲ್ಲ. ಕೊನೆಗೆ 2016ರಲ್ಲಿ ಗೆದ್ದಾಗ 108 ವರ್ಷಗಳಾಗಿದ್ದವು. ಕಾದವರ ಪೈಕಿ ಎಷ್ಟೋ ಜನ ಗೆಲುವನ್ನು ಕಾಣದೆ ಹೋಗಿದ್ದರು; ಅವರ ಮಕ್ಕಳು ಮೊಮ್ಮಕ್ಕಳು ಕಂಡರು. ಊರಿನ ತಂಡವೆಂದರೆ ಎಲ್ಲ ಊರಿನಲ್ಲೂ ಹೀಗೆಯೇ ಎಂದುಕೊಂಡೆ.

2018ರ ಹೊತ್ತಿಗೆ ಅಪ್ಪನಲ್ಲಿ ಸಣ್ಣಪುಟ್ಟ ಬದಲಾವಣೆಗಳು ಕಾಣಿಸಿದವು. ತಿಂಡಿ ತಿಂದು ಕೈ ತೊಳೆದವರು ಬಂದು, ‘ತಿಂಡಿ ಆಗಿಲ್ವಾ?’ ಎನ್ನುವರು. ವೈದ್ಯರು ಒಂದು ಗಡಿಯಾರದ ಚಿತ್ರ ಬರೆಯಲು ಹೇಳಿದರು. ಜೀವಮಾನವೆಲ್ಲ ಅಳತೆಪಟ್ಟಿ ಹಿಡಿದ ಕೈ ಹನ್ನೆರಡೂ ಅಂಕಿಗಳನ್ನು ಗಡಿಯಾರದ ಒಂದೇ ಬದಿಗೆ ತುಂಬಿತು. ಜರ್ಮನಿಯ ಆಲೋಯಿಸ್ ಆಲ್ಜೈಮರ್ 1906ರಲ್ಲಿ ಮೊದಲು ವಿವರಿಸಿದ ಕಾಯಿಲೆ. ಹೊಸ ನೆನಪುಗಳನ್ನು ಕೂಡಿಡುವ, ಮೆದುಳಿನ ಹಿಪೊಕ್ಯಾಂಪಸ್ ಎಂಬ ಭಾಗ ಮೊದಮೊದಲಿಗೇ ಪೆಟ್ಟು ತಿನ್ನುವುದರಿಂದ ಬೆಳಗಿನದು ಸಂಜೆಗಿಲ್ಲ. ಹಳೆಯವು ಮಾತ್ರ ಬಹುಕಾಲ ಉಳಿಯುತ್ತವೆ. ಅಪರಾಧಿಯ ಹೆಸರೇನೋ ಸಿಕ್ಕಿತು, ಹಿಡಿದು ಒಪ್ಪಿಸಲು ಪೊಲೀಸರಿರಲಿಲ್ಲ.

2020ರ ಮಾರ್ಚ್ 3ರಂದು ಕೊಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ನಡೆದ ಸೆಮಿಫೈನಲ್‌ನಲ್ಲಿ ನಮ್ಮ ತಂಡ ಬಂಗಾಳಕ್ಕೆ 174 ರನ್‌ಗಳಿಂದ ಸೋತಿತು. ಮೂರು ವಾರಕ್ಕೆಲ್ಲ ಲಾಕ್‌ಡೌನ್. ಜನ ಮನೆಯಲ್ಲೇ ಇರಲೆಂದು ದೂರದರ್ಶನ ಹಳೆಯ ಧಾರಾವಾಹಿಗಳನ್ನು ಮತ್ತೆ ಹಾಕಿತು. ಮಾರ್ಚ್ 28ರ ಬೆಳಗ್ಗೆ ಹನ್ನೊಂದಕ್ಕೆ ಯಾರು ಬಂದರು ಗೊತ್ತೇ? ಅದೇ ಕೊಲ್ಕತ್ತದ ಬ್ಯೋಮಕೇಶ. ಶಾಲೆಗೆ ರಜೆ, ನಾನೂ ಮನೆಯಲ್ಲಿ. ಅಪ್ಪ ಕುರ್ಚಿ ಮುಂದೆಳೆದುಕೊಂಡು, ‘ಯಾವುದೋ ಇದು, ಹೊಸದಾ?’ ಎಂದರು.

ಇಪ್ಪತ್ತೇಳು ವರ್ಷದ ಹಿಂದೆ ಚಿತ್ರ ಬರೆದು ವಾದಿಸಿದ ಕಥೆಗಳೆಲ್ಲ ಅವರಿಗೆ ಹೊಚ್ಚ ಹೊಸವು. ನಾನು ಕ್ಯಾಲೆಂಡರ್ ಹಾಳೆ ಹರಿದು ಪೆನ್ನು ಕೊಟ್ಟೆ. ಕೈಗೆ ಅಭ್ಯಾಸ ನೆನಪಿತ್ತು. ಬರೆದು, ಮಡಿಸಿ, ಟಿ.ವಿ.ಯ ಮೇಲೆ ಬಟ್ಟೆ ಹುಡುಕಿದರು. ಈಗಿನ ಚಪ್ಪಟೆ ಟಿ.ವಿ.ಗೆ ಬಟ್ಟೆಯೆಲ್ಲಿ? ನನ್ನ ಜೇಬಿಗೇ ತುರುಕಿದರು. ಕೊನೆಗೆ ಬಿಚ್ಚಿ ನೋಡಿದರೆ ‘ಅಂಪೈರ್’ ಎಂದು ಬರೆದಿತ್ತು. ಮನೆಮಂದಿಯೆಲ್ಲ ನಕ್ಕೆವು, ಅಪ್ಪನೂ ನಕ್ಕರು. ಆಶ್ಚರ್ಯವೆಂದರೆ ಅಮ್ಮ. ‘ನನಗೆ ತಿಳಿಯೋದಿಲ್ಲ’ ಎನ್ನುತ್ತಿದ್ದ ಅವರಿಗೆ ಪ್ರತಿ ಕಥೆಯ ಅಪರಾಧಿಯೂ ನೆನಪಿದ್ದ. ಅಡುಗೆಮನೆಯಲ್ಲಿ ನನ್ನೊಬ್ಬನ ಕಿವಿಗೆ ಹೇಳುವರು, ಅಪ್ಪನ ಮುಂದೆ ತುಟಿ ಬಿಚ್ಚಲಿಲ್ಲ.

‘ಮಕಡೀ ಕಾ ರಸ್’ ಕಂತಿನಲ್ಲಿ ಹಾಸಿಗೆ ಹಿಡಿದ ಮುದುಕನೊಬ್ಬ ಮನೆಯವರ ಕಾವಲನ್ನೆಲ್ಲ ತಪ್ಪಿಸಿ ಜೇಡದ ರಸದ ಅಮಲು ಏರಿಸಿಕೊಳ್ಳುತ್ತಿರುತ್ತಾನೆ. ಅದು ಅಡಗಿರುವುದು ಬರೆಯುವ ಶಾಯಿಯಲ್ಲಿ. ಅಪ್ಪ ಅಂದು ಚೀಟಿ ಬರೆಯಲಿಲ್ಲ, ಸುಮ್ಮನೆ ಕಿಸಕ್ಕನೆ ನಗುತ್ತಿದ್ದರು. ಅವರ ಸಕ್ಕರೆ ಕಾಯಿಲೆಗೆ ಪಥ್ಯವಿತ್ತು; ಆದರೂ ರಕ್ತದಲ್ಲಿ ಸಕ್ಕರೆ ಇಳಿಯುತ್ತಿರಲಿಲ್ಲ. ಎರಡು ದಿನ ಕಳೆದು ಗೋಡೆಯ ಮೇಲೆ ಇರುವೆ ಸಾಲು ಕಂಡೆ. ಇರುವೆಗಳು ತಮ್ಮವರಿಗೆ ವಾಸನೆಯ ಜಾಡು ಬಿಟ್ಟು ಹೋಗುತ್ತವೆಂದು ಪ್ರತಿ ವರ್ಷ ಪಾಠ ಮಾಡುವವನು ನಾನು. ಜಾಡು ಹಿಡಿದು ಹೋದರೆ ಅಪ್ಪನ ಕನ್ನಡಕದ ಡಬ್ಬಿ, ಒಳಗೆ ಎರಡು ಅಚ್ಚು ಬೆಲ್ಲ. ಬ್ಯೋಮಕೇಶನ ಹಾಗೆ ಡಬ್ಬಿಯನ್ನು ಎದುರಿಗಿಟ್ಟೆ. ‘ಯಾರೋ ಇಟ್ಟಿದ್ದಾರೆ, ವಿಚಾರಿಸು’ ಎಂದರು, ಗಂಭೀರವಾಗಿ.

1934ರಿಂದ ಒಂದು ವರ್ಷವೂ ತಪ್ಪದೆ ನಡೆದಿದ್ದ ರಣಜಿ 2020-21ರಲ್ಲಿ ಕೊರೊನಾದಿಂದಾಗಿ ನಡೆಯಲೇ ಇಲ್ಲ. ಆ ಚಳಿಗಾಲ ಅಪ್ಪ ಇನ್ನಷ್ಟು ದೂರ ಸರಿದಿದ್ದರು. ಒಂದು ಸಂಜೆ ನನ್ನನ್ನು ನೆಟ್ಟಗೆ ನೋಡಿ, ‘ತಾವು ಯಾರು?’ ಎಂದರು. ಹೆಸರು ಹೇಳಿದೆ. ತಲೆಯಾಡಿಸಿದರು, ಗುರುತು ಹತ್ತಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಪಕ್ಕದ ಸೀಟಿನ ಪ್ರಯಾಣಿಕನನ್ನು ಕೇಳುವ ಹಾಗೆ ಕೇಳಿದರು: ‘ಸ್ಕೋರ್ ಎಷ್ಟಾಯ್ತು?’

ಪಂದ್ಯವೇ ಇರಲಿಲ್ಲ. ಪುರಾವೆಯಿಲ್ಲದೆ ಏನನ್ನೂ ಹೇಳಬೇಡಿ ಎಂದು ಇಪ್ಪತ್ತಾರು ವರ್ಷ ಮಕ್ಕಳಿಗೆ ಹೇಳಿಕೊಂಡು ಬಂದವನು ನಾನು. ‘ವಿಶ್ವನಾಥ್ ಆಡ್ತಿದ್ದಾರೆ, ನೂರು ದಾಟಿದೆ’ ಎಂದೆ. ಅಪ್ಪನ ಬೆನ್ನು ನೆಟ್ಟಗಾಯಿತು. ‘ಬ್ರಿಜೇಶ್?’ ಎಂದರು. ಅಂದಿನಿಂದ ಸಂಜೆ ಸಂಜೆ 1974ರ ಸೆಮಿಫೈನಲ್ ಸ್ವಲ್ಪ ಸ್ವಲ್ಪವೇ ನಡೆಯಿತು. ಇದು ಸುಳ್ಳು ಹೇಳಿದಂತಲ್ಲವೇ ಎಂದು ನನ್ನ ಮಗಳು ಕೇಳಿದಳು. ನಾನು ಯೋಚಿಸಿ ಉತ್ತರಿಸಿದೆ: 162 ನಿಜ, 106 ನಿಜ, 385 ನಿಜ. ಒಂದು ಅಂಕಿಯನ್ನೂ ನಾನು ಹೆಚ್ಚು ಕಡಿಮೆ ಮಾಡಿಲ್ಲ. ತಾರೀಖನ್ನು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಗಾವಸ್ಕರ್ ಔಟಾಗುವ ದಿನ ಮಾತ್ರ ನಾನು ವೀಕ್ಷಕ ವಿವರಣೆ ಕೊಡಬೇಕಾಗಲಿಲ್ಲ. ಅಪ್ಪನೇ ತೋರುಬೆರಳೆತ್ತಿ ಆ ಚೆಂಡಿನ ದಾರಿಯನ್ನು ಗಾಳಿಯಲ್ಲಿ ಬರೆದು ತೋರಿಸಿದರು, ನನಗೆ. ಈ ಪಂದ್ಯವನ್ನು ನೋಡಿರದ ಅಪರಿಚಿತನೊಬ್ಬನಿಗೆ ತೋರಿಸುವಷ್ಟು ಆಸಕ್ತಿಯಿಂದ.

2022ರ ಬೇಸಿಗೆಯಲ್ಲಿ ಅಪ್ಪ ತೀರಿಕೊಂಡರು. ಕರ್ನಾಟಕದ ಪಂದ್ಯವಿದ್ದ ದಿನ ನಾನು ಈಗಲೂ ಊಟದ ಬಿಡುವಿನಲ್ಲಿ ಮೊಬೈಲಿನಲ್ಲಿ ಸ್ಕೋರ್ ನೋಡುತ್ತೇನೆ. ನೋಡಿದ ಮೇಲೆ ಯಾರಿಗಾದರೂ ಹೇಳಬೇಕೆನಿಸುತ್ತದೆ. ಅಮ್ಮನಿಗೆ ಫೋನ್ ಮಾಡಿ ಹೇಳುತ್ತೇನೆ. ‘ನನಗೆ ಇವೆಲ್ಲ ತಿಳಿಯೋದಿಲ್ಲ’ ಎನ್ನುತ್ತಾರೆ, ‘ಎಷ್ಟು ವಿಕೆಟ್ ಹೋಗಿದೆ?’ ಎಂದೂ ಕೇಳುತ್ತಾರೆ.

ತರಗತಿಯಲ್ಲಿ ಯಾವುದೇ ಪ್ರಯೋಗ ಮಾಡಿ ತೋರಿಸುವ ಮೊದಲು ಏನಾಗಬಹುದೆಂದು ಮಕ್ಕಳಿಂದ ಚೀಟಿ ಬರೆಸುವ ಪದ್ಧತಿ ಇಟ್ಟುಕೊಂಡಿದ್ದೇನೆ, ಕಾರಣವನ್ನೂ ಬರೆಯಬೇಕು. ಹೋದ ತಿಂಗಳು ಸ್ಪ್ರಿಂಗಿನ ಪಾಠಕ್ಕೆಂದು ಸೈಕಲ್ ಗಂಟೆಯೊಂದನ್ನು ಬಿಚ್ಚಿಟ್ಟು ಬ್ಯೋಮಕೇಶನ ಕಥೆ ಹೇಳಿದೆ. ಇಷ್ಟು ಚಿಕ್ಕ ಗಂಟೆಯಲ್ಲಿ ಅಷ್ಟು ಗಡಸು ಸ್ಪ್ರಿಂಗ್ ಹಿಡಿಸುತ್ತದೆಯೇ, ಬರೆಯಿರಿ ಎಂದೆ. ಮೂವತ್ತೆಂಟು ಚೀಟಿಗಳು ಬಂದವು. ಹೌದೆಂದವರೂ ಇಲ್ಲವೆಂದವರೂ ಇದ್ದರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮಾತ್ರ, ‘ಗೊತ್ತಿಲ್ಲ ಸರ್, ಸ್ಪ್ರಿಂಗ್ ತನ್ನಿ, ಹಾಕಿ ನೋಡೋಣ’ ಎಂದು ಬರೆದಿದ್ದಳು. ಆ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡೆ.