ಮೈಸೂರಿನಲ್ಲಿ ಮೂರು ದಿನದ ಒಲೆ

ಹುಟ್ಟಿ ಬೆಳೆದ ಊರಿಗೆ ಪ್ರವಾಸಿಯಾಗಿ ಹೋಗುವುದು ವಿಚಿತ್ರವಾದ ಅನುಭವ. ನೆಂಟರ ಮನೆಯಲ್ಲಿ ಇಳಿದರೆ ಅವರಿಗೆ ಭಾರ. ಹೋಟೆಲಿನಲ್ಲಿ ಇಳಿದರೆ ನಮಗೇ ಸಂಕೋಚ. ಈ ಎರಡರ ನಡುವೆ ಮತ್ತೊಂದು ಹಾದಿ ಈಚೆಗೆ ತೆರೆದಿದೆ. ಒಲೆ, ಪಾತ್ರೆಪಡಗಗಳ ಸಮೇತ ಸುಸಜ್ಜಿತವಾದ ಮನೆಯನ್ನೇ ಎರಡು ಮೂರು ದಿನಗಳ ಮಟ್ಟಿಗೆ ಬಾಡಿಗೆಗೆ ಹಿಡಿಯಬಹುದು. ದಸರೆಯ ಗದ್ದಲ ಮುಗಿದ ಮೇಲೆ ನಾವು ನಾಲ್ವರು, ಅಂದರೆ ನನ್ನ ತಾಯಿ, ಪತ್ನಿ, ಹನ್ನೆರಡು ವರ್ಷದ ಮಗಳು ಮತ್ತು ನಾನು, ಮೈಸೂರಿನ ಲಕ್ಷ್ಮೀಪುರದಲ್ಲಿ ಅಂಥ ಮನೆಯೊಂದನ್ನು ಹಿಡಿದೆವು. ನೋಡುವುದಕ್ಕಿಂತ ಉಣ್ಣುವುದೇ ಈ ಪ್ರಯಾಣದ ಉದ್ದೇಶವೆಂದು ಮೊದಲೇ ಠರಾವಾಗಿತ್ತು. ಅರಮನೆಗೂ ಚಾಮುಂಡಿಬೆಟ್ಟಕ್ಕೂ ದೂರದಿಂದಲೇ ಕೈಮುಗಿದೆವು.

ತಾಯಿಯವರು ಬರಲು ಒಪ್ಪಿದ್ದೇ ಹೆಚ್ಚು. ತಂದೆಯವರು ತೀರಿಕೊಂಡ ಮೇಲೆ ಅಗ್ರಹಾರದ ಮನೆಯನ್ನು ಮಾರಿ ಅವರನ್ನು ಬೆಂಗಳೂರಿಗೆ ಕರೆತಂದು ಐದು ವರ್ಷಗಳಾಗಿದ್ದವು. ದಣಿವಾದೀತೆಂದು ನಾವು ಅವರನ್ನು ಅಡಿಗೆಮನೆಯೊಳಗೆ ಬಿಡುತ್ತಿರಲಿಲ್ಲ. ಬಡಿಸಿದ್ದನ್ನು ಮಾತಿಲ್ಲದೆ ಉಣ್ಣುತ್ತಿದ್ದರು. ತುತ್ತುಗಳು ಮಾತ್ರ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದವು. ವೈದ್ಯರು ರೋಗವೇನೂ ಇಲ್ಲವೆಂದರು.

ಮೊದಲ ದಿನ ಬೆಳಿಗ್ಗೆಯೇ ದೇವರಾಜ ಮಾರುಕಟ್ಟೆಗೆ ಹೊರಟೆವು. 2016ರ ಆಗಸ್ಟಿನಲ್ಲಿ ಈ ಹಳೆಯ ಕಟ್ಟಡದ ಉತ್ತರ ಭಾಗ ಕುಸಿಯಿತು. ಕೆಡವಿ ಕಟ್ಟಬೇಕೇ, ದುರಸ್ತಿ ಮಾಡಿ ಉಳಿಸಬೇಕೇ ಎಂಬ ವಾದ ಆಮೇಲೆ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಆದರೆ ಒಳಗೆ ಕಾಲಿಟ್ಟವರಿಗೆ ವಾದವೆಲ್ಲ ಮರೆತುಹೋಗುತ್ತದೆ. ಒಂದು ಕಡೆ ಗೋಪುರದಂತೆ ಒಟ್ಟಿದ ಕುಂಕುಮ, ಒಂದು ಕಡೆ ಮಾರುಗಟ್ಟಲೆ ಮೈಸೂರು ಮಲ್ಲಿಗೆ, ಇನ್ನೊಂದು ಕಡೆ ಕಟ್ಟುಕಟ್ಟಾಗಿ ವೀಳೆಯದೆಲೆ. ಎಲ್ಲಕ್ಕೂ ಮಿಗಿಲಾಗಿ, ತೂಗುಬಿಟ್ಟ ಬಾಳೆಗೊನೆಗಳ ಪರಿಮಳ.

“ರಸಬಾಳೆ, ಅಮ್ಮ!” ಎಂದು ಅಂಗಡಿಯವನು ಚಿಪ್ಪೊಂದನ್ನು ಮುಂದೆ ಹಿಡಿದ. ತಾಯಿಯವರು ಮೂಸಿ ನೋಡಿ, “ಇದು ನಂಜನಗೂಡಿನ ನೀರು ಕುಡಿದದ್ದಲ್ಲಪ್ಪ” ಎಂದರು. ಅವನು ನಕ್ಕು, ಒಳಗಿನಿಂದ ಬೇರೊಂದು ಚಿಕ್ಕ ಚಿಪ್ಪನ್ನು ತಂದ. ನಂಜನಗೂಡಿನ ರಸಬಾಳೆಗೆ ಈಗ ಭೌಗೋಳಿಕ ಗುರುತಿನ ಮಾನ್ಯತೆಯಿದೆ. ಆದರೆ ಪನಾಮಾ ಸೊರಗು ರೋಗಕ್ಕೆ ತುತ್ತಾಗಿ ತೋಟಗಳೇ ವಿರಳವಾಗಿವೆ. ಬೆಲೆ ಕೇಳಿ ನನ್ನ ಕೈ ಜೇಬಿನಲ್ಲಿಯೇ ನಿಂತಿತು. ತಾಯಿಯವರು ಆರೇ ಹಣ್ಣು ಕೊಂಡರು. ಅನಂತರ ತರಕಾರಿಯ ಸಾಲಿಗೆ ಹೋಗಿ, ಹಸಿರು ಮೈಯ ಈರನಗೆರೆ ಬದನೆಕಾಯನ್ನು ಒಂದೊಂದಾಗಿ ತೊಟ್ಟು ನೋಡಿ ಆರಿಸಿದರು. ಚೌಕಾಸಿಯಲ್ಲಿ ಅವರ ಧ್ವನಿ ಏರಿದ್ದನ್ನು ಕೇಳಿ ಮಗಳು ನನ್ನ ಮುಖ ನೋಡಿದಳು. ಅಜ್ಜಿಯ ಈ ಧ್ವನಿಯನ್ನು ಅವಳು ಎಂದೂ ಕೇಳಿರಲಿಲ್ಲ.

ಹಿಂದಿರುಗುವಾಗ, ನಾನು ಬೇಡವೆಂದರೂ, ಅಗ್ರಹಾರದ ಮೂಲಕವೇ ಬರಬೇಕಾಯಿತು. ನಮ್ಮ ಮನೆಯಿದ್ದ ಕಡೆ ಮೂರು ಅಂತಸ್ತಿನ ಕಟ್ಟಡ ನಿಂತಿತ್ತು. ಕೆಳಗೆ ಮೊಬೈಲ್ ಅಂಗಡಿ. ತಾಯಿಯವರು ಒಂದು ನಿಮಿಷ ನಿಂತು ನೋಡಿದರು. ಆಮೇಲೆ, “ಬದನೆಕಾಯಿ ಬಾಡುತ್ತೆ, ನಡಿ” ಎಂದರು.

ಬಾಡಿಗೆಯ ಅಡಿಗೆಮನೆಯಲ್ಲಿ ತಟ್ಟೆ ಆರು, ಲೋಟ ಐದು, ಮೊಂಡು ಚಾಕು ಒಂದು. ಮಿಕ್ಸಿ ಇತ್ತು, ಅದರ ಜಾರಿಗೆ ಮುಚ್ಚಳವಿರಲಿಲ್ಲ! ಕಡಲೆಬೇಳೆ, ಉದ್ದಿನಬೇಳೆ, ಕೊತ್ತಂಬರಿ, ಮೆಣಸಿನಕಾಯಿ, ಚಕ್ಕೆ, ಮರಾಠಿಮೊಗ್ಗು, ಕೊಬ್ಬರಿ ಎಲ್ಲವೂ ಹದವಾಗಿ ಹುರಿದು ಮುಗಿದ ಮೇಲೆ ಇದು ಗೊತ್ತಾಯಿತು. ವಾಂಗೀಭಾತು ಅಲ್ಲಿಗೇ ನಿಂತಿತೆಂದುಕೊಂಡೆವು. ತಾಯಿಯವರು ಸೆರಗು ಸರಿಪಡಿಸಿಕೊಂಡು ಕೆಳಗಿನ ಮನೆಯ ಬಾಗಿಲು ತಟ್ಟಿದರು. ಮುಕ್ಕಾಲು ಗಂಟೆಯ ಮೇಲೆ ಹಿಂದಿರುಗಿದಾಗ ಒಂದು ಕೈಯಲ್ಲಿ ಘಮಘಮಿಸುವ ಪುಡಿ, ಇನ್ನೊಂದು ಕೈಯಲ್ಲಿ ಬಟ್ಟಲು ತುಂಬ ಕರಿಬೇವು. ಜೊತೆಗೆ ಆ ಮನೆಯಾಕೆಯ ತವರು, ಮಕ್ಕಳು, ಮಂಡಿನೋವು ಎಲ್ಲದರ ವಾರ್ತೆ. ಬೆಂಗಳೂರಿನಲ್ಲಿ ಐದು ವರ್ಷವಾದರೂ ನಮ್ಮ ಎದುರುಮನೆಯವರ ಹೆಸರು ಅವರಿಗೆ ತಿಳಿಯದು.

ಹೊರಗಿನ ಊಟವನ್ನೇನೂ ಬಿಡಲಿಲ್ಲ. ನಜರ್‌ಬಾದಿಗೆ ಹೋಗಿ, ಬೆಣ್ಣೆಯಂತೆ ಮೃದುವಾದ ಮೈಲಾರಿ ದೋಸೆಯನ್ನು ತಿಂದೆವು. ನಾಲ್ವಡಿ ಕೃಷ್ಣರಾಜ ಒಡೆಯರ ಅರಮನೆಯ ಬಾಣಸಿಗರಾಗಿದ್ದ ಕಾಕಾಸುರ ಮಾದಪ್ಪನವರ ಕೈಯಲ್ಲಿ ಹುಟ್ಟಿತೆಂದು ಹೇಳುವ ಮೈಸೂರುಪಾಕನ್ನು ಸಯ್ಯಾಜಿರಾವ್ ರಸ್ತೆಯಲ್ಲಿ ಕೊಂಡೆವು. ಎರಡೂ ಸೊಗಸಾಗಿದ್ದವು. ಆದರೂ ನೆನಪಿನಲ್ಲಿ ನಿಂತದ್ದು ಆ ಮಧ್ಯಾಹ್ನದ ವಾಂಗೀಭಾತು. ಎಲ್ಲರಿಗೂ ಬಡಿಸಿ ಕೊನೆಯಲ್ಲಿ ಕುಳಿತ ತಾಯಿಯವರು ಎರಡನೆಯ ಸಲ ಹಾಕಿಸಿಕೊಂಡರು. ನನ್ನ ಪತ್ನಿ ಅದನ್ನು ಗಮನಿಸಿದಳು, ಏನೂ ಹೇಳಲಿಲ್ಲ.

ಹೊರಡುವ ದಿನ ಕರಿಬೇವಿನ ಬಟ್ಟಲನ್ನು ಹಿಂದಿರುಗಿಸಬೇಕಾಗಿತ್ತು. ಬರಿದಾದ ಪಾತ್ರೆಯನ್ನು ಕೊಡುವುದುಂಟೇ? ತಾಯಿಯವರು ಐದು ಗಂಟೆಗೇ ಎದ್ದು ಸಜ್ಜಿಗೆ ಕೆದಕಿ, ಉಳಿದಿದ್ದ ಎರಡು ರಸಬಾಳೆಯನ್ನು ಕಿವುಚಿ ಹಾಕಿ, ಬಟ್ಟಲು ತುಂಬಿಸಿ ಕೊಟ್ಟು ಬಂದರು.

ಹೋಟೆಲು ಎಷ್ಟೇ ಒಳ್ಳೆಯದಿರಲಿ, ಅಲ್ಲಿ ನಾವು ಉಣ್ಣುವವರು ಮಾತ್ರ. ಒಲೆಯಿದ್ದರೆ ಊರಿನ ಸಂತೆ, ಸೊಪ್ಪು, ನೆರೆಹೊರೆ ಎಲ್ಲವೂ ನಮ್ಮವಾಗುತ್ತವೆ. ಪ್ರವಾಸ ಹೊರಡುವ ಓದುಗರಿಗೆ ಇಷ್ಟನ್ನು ಹೇಳಬಲ್ಲೆ: ಅಂಥ ಮನೆಯನ್ನು ಹಿಡಿಯುವಾಗ ಮಿಕ್ಸಿಯ ಮುಚ್ಚಳವನ್ನು ಮೊದಲೇ ವಿಚಾರಿಸಿಕೊಳ್ಳಿ. ಅಥವಾ, ವಿಚಾರಿಸದಿದ್ದರೂ ಒಳ್ಳೆಯದೇ.

ಬೆಂಗಳೂರಿಗೆ ಬಂದ ಮರುದಿನ ಬೆಳಿಗ್ಗೆ ನನ್ನ ಪತ್ನಿ ತಾಯಿಯವರ ಕೋಣೆಯ ಬಾಗಿಲಲ್ಲಿ ನಿಂತು, “ಅತ್ತೆ, ಇವತ್ತಿನ ಸಾರು ನೀವೇ ಮಾಡಿ” ಎಂದಳು. ದಣಿವಿನ ಮಾತನ್ನು ನಾನೂ ಎತ್ತಲಿಲ್ಲ.