ತಾಮ್ರ ಎಲ್ಲಿ ಹೋಯ್ತು?

ಪಿಯುಸಿ ಲ್ಯಾಬಿನಲ್ಲಿ ಫೀನಾಲ್‌ಗೆ ಎರಡು ಹನಿ ಬಿಟ್ಟು ನೇರಳೆ ಬಣ್ಣ ನೋಡಿ ಖುಷಿಪಟ್ಟಿದ್ದೆವಲ್ಲ, ಅದೇ ಫೆರಿಕ್ ಕ್ಲೋರೈಡ್ ಈಗ ಪಿಸಿಬಿ ಮಾಡೋವಾಗ ಮತ್ತೆ ಸಿಕ್ಕಿದೆ. ಹಳದಿ-ಕಂದು ಗಡ್ಡೆ. ಡಬ್ಬಿ ಮುಚ್ಚಳ ಸಡಿಲ ಬಿಟ್ಟರೆ ಗಾಳಿಯ ತೇವ ಹೀರಿಕೊಂಡು ತಾನೇ ಕರಗುತ್ತೆ. ದ್ರಾವಣ ಆಮ್ಲೀಯ, ಗ್ಲೌಸ್ ಬೇಕೇ ಬೇಕು. ಬಿಳಿ ಶರ್ಟಿನ ಮೇಲೆ ಬಿದ್ದರೆ ಆ ಶರ್ಟಿನ ಆಸೆ ಬಿಟ್ಟುಬಿಡಿ.

ಬೋರ್ಡನ್ನು ಅದರಲ್ಲಿ ಮುಳುಗಿಸಿ ಟ್ರೇ ಅಲ್ಲಾಡಿಸ್ತಾ ಕೂತರೆ, ಮಾರ್ಕರ್ ಗೆರೆ ಇಲ್ಲದ ಕಡೆಯ ತಾಮ್ರವೆಲ್ಲ ನಿಧಾನಕ್ಕೆ ಮಾಯ. ಕಬ್ಬಿಣ +3ರಿಂದ +2ಕ್ಕೆ ಇಳಿಯುತ್ತೆ, ತಾಮ್ರ ಕ್ಲೋರೈಡ್ ಆಗುತ್ತೆ, ಕಂದು ನೀರು ಹಸಿರಿಗೆ ತಿರುಗುತ್ತೆ. ಮಾಯ ಅಂದೆವು, ಆದರೆ ತಾಮ್ರ ಎಲ್ಲೂ ಹೋಗಿಲ್ಲ. ಆ ನೀರಲ್ಲೇ ಇದೆ.

ಇಲ್ಲೇ ನಮ್ಮ ಗುಂಪಿನಲ್ಲಿ ಜಗಳ. ನೀರು ಶುದ್ಧೀಕರಣದಲ್ಲೂ ಇದನ್ನೇ ಹಾಕ್ತಾರಲ್ಲ, ಸಿಂಕಿಗೆ ಸುರಿದರೆ ಏನೀಗ ಅಂತ ಕೆಲವರ ವಾದ. ಹಾಕೋದು ನಿಜ. ಅಲ್ಲಿ ಅದು ಕಬ್ಬಿಣದ ಹೈಡ್ರಾಕ್ಸೈಡ್ ಆಗಿ, ಕೆಸರಿನ ಕಣಗಳನ್ನು ಅಂಟಿಸಿಕೊಂಡು ತಳಕ್ಕೆ ಕೂರುತ್ತೆ. ಕೊಳಚೆ ನೀರಿನ ಫಾಸ್ಫೇಟನ್ನೂ ಹಿಡಿಯುತ್ತೆ. ಆದರೆ ಅದು ಹೊಸ ಉಪ್ಪು. ನಮ್ಮದು ತಾಮ್ರ ತಿಂದ ಉಪ್ಪು. ಕರಗಿದ ತಾಮ್ರ ಸ್ವಲ್ಪ ಇದ್ದರೂ ಮೀನಿಗೆ, ಪಾಚಿಗೆ ವಿಷ. ಸಾಲದ್ದಕ್ಕೆ ಲೋಹದ ಪೈಪನ್ನೂ ಕೊರೆಯುತ್ತೆ.

ಹಾಗಾಗಿ ಬೆಂಚಿನ ಕೆಳಗೆ ಒಂದು ಪ್ಲಾಸ್ಟಿಕ್ ಕ್ಯಾನ್ ಇಟ್ಟು, ಚೀಟಿ ಅಂಟಿಸಿ, ಬಳಸಿದ್ದನ್ನೆಲ್ಲ ಅದಕ್ಕೇ ಸುರೀತಿದ್ದೀವಿ. ಯಾರು ಒಯ್ಯಬೇಕು ಅಂತ ಡಿಪಾರ್ಟ್‌ಮೆಂಟಿಗೆ ಎರಡು ಸಲ ಬರೆದು ಕೊಟ್ಟಿದ್ದೇವೆ. ಉತ್ತರ ಬಂದಿಲ್ಲ. ಕ್ಯಾನ್ ಕುತ್ತಿಗೆವರೆಗೆ ತುಂಬಿದೆ, ಮುಂದಿನ ವಾರ ಜೂನಿಯರ್‌ಗಳ ಬೋರ್ಡ್ ಇದೆ.