ಗೌಂಡಿ ತೋರಿಸಿದ ಕಲಬುರಗಿ

ದಿನವೂ ಕಣ್ಣಿಗೆ ಬೀಳುವ ಊರನ್ನು ನಾವು ನೋಡಿದ್ದೇವೆಂದು ಹೇಳಲಾಗದು. ಹಂಪೆ, ಬಾದಾಮಿ, ಬೇಲೂರುಗಳಿಗೆ ಬುತ್ತಿ ಕಟ್ಟಿಕೊಂಡು ಹೋಗಿಬಂದ ನಾನು, ಏಳು ವರ್ಷಗಳಿಂದ ದಿನನಿತ್ಯ ಓಡಾಡುವ ಕಲಬುರಗಿಯನ್ನು ಮಾತ್ರ ನೋಡಿರಲಿಲ್ಲ. ನನ್ನ ವಾಸ ಕಮಲಾಪುರದಲ್ಲಿ. ಹೆಂಡತಿಗೆ ಅಲ್ಲಿನ ಶಾಲೆಯಲ್ಲಿ ಕೆಲಸ. ನನ್ನ ಅಧ್ಯಾಪಕ ವೃತ್ತಿ ಕಲಬುರಗಿಯ ಒಂದು ಕಾಲೇಜಿನಲ್ಲಿ. ನಡುವೆ ನಲವತ್ತು ಕಿಲೋಮೀಟರಿಗೆ ಒಳಗಿನ ದಾರಿ. ಬಸ್ಸು ಇಳಿದರೆ ಕಾಲೇಜು, ಕಾಲೇಜು ಬಿಟ್ಟರೆ ಬಸ್ಸು. ಕೋಟೆಯ ಗೋಡೆಯನ್ನೂ ದರ್ಗಾದ ಗುಮ್ಮಟವನ್ನೂ ದೂರದಿಂದ ಕಂಡಿದ್ದೆ. ಅವು ಇತಿಹಾಸದ ಅಧ್ಯಾಪಕರಿಗೆ ಸೇರಿದ್ದು, ಕನ್ನಡದ ಎಂ.ಎ. ಮಾಡಿದವನಿಗೆ ಅಲ್ಲೇನು ಕೆಲಸ ಎಂಬುದು ನನ್ನ ಎಣಿಕೆ. ನನ್ನ ಪಾಲಿನ ಯಾತ್ರಾಸ್ಥಳ ಮಳಖೇಡ. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ 'ಕವಿರಾಜಮಾರ್ಗ' ಹುಟ್ಟಿದ ನೆಲ ಅದು. ವಿದ್ಯಾರ್ಥಿಗಳನ್ನು ಎರಡು ಬಾರಿ ಅಲ್ಲಿಗೆ ಕರೆದೊಯ್ದಿದ್ದೆ. ಕಾಲೇಜಿನಿಂದ ಕೂಗಳತೆಯಲ್ಲಿರುವ ಕೋಟೆಗೆ ಒಮ್ಮೆಯೂ ಕರೆದೊಯ್ದಿರಲಿಲ್ಲ.

ನನ್ನನ್ನು ಅಲ್ಲಿಗೆ ಕರೆದೊಯ್ದುದು ಒಂದು ಪ್ರಬಂಧ. ಬಿ.ಎ. ತರಗತಿಗೆ 'ನಮ್ಮ ಓಣಿ' ಎಂಬ ವಿಷಯ ಕೊಟ್ಟಿದ್ದೆ. ಹಿಂದಿನ ಬೆಂಚಿನಲ್ಲಿ ಮೌನವಾಗಿ ಕೂಡುವ ಹುಡುಗಿಯೊಬ್ಬಳು ತನ್ನ ಮೊಹಲ್ಲಾ, ಅದರ ದರವಾಜ, ಕಮಾನು, ಗಿಲಾವು ಉದುರಿದ ಗೋಡೆ, ಗೌಂಡಿಯಾದ ತನ್ನ ಮುತ್ಯಾ, ಇವನ್ನೆಲ್ಲ ಕುರಿತು ಬರೆದಿದ್ದಳು. ನಾನು ಹನ್ನೊಂದು ಪದಗಳ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದೆ. ಅಂಚಿನಲ್ಲಿ 'ಪರಭಾಷಾ ಪದಗಳು, ಶುದ್ಧ ಕನ್ನಡ ಬಳಸುವುದು' ಎಂದು ಬರೆದೆ. ಹತ್ತಕ್ಕೆ ನಾಲ್ಕು ಅಂಕ ಕೊಟ್ಟೆ. ಹುಡುಗಿ ಅಳಲಿಲ್ಲ, ವಾದಿಸಲೂ ಇಲ್ಲ. ಎರಡು ದಿನದ ಮೇಲೆ ಬಂದು, "ಸರ್, ಒಮ್ಮೆ ನಮ್ಮ ಕಡೆ ನೋಡಾಕ ಬರ್ರಿ. ನಮ್ಮ ಮುತ್ಯಾ ಎಲ್ಲಾ ತೋರಸ್ತಾರ," ಎಂದಳು. ಒಲ್ಲೆನೆನ್ನಲು ನೆಪ ಸಿಗಲಿಲ್ಲ.

ಭಾನುವಾರ ಬೆಳಗ್ಗೆ ಹೊರಟೆ. ಬರಿಗೈಯಲ್ಲಿ ಹೋಗಬಾರದೆಂದು ನನ್ನಾಕೆ ಒಂದು ಚಿಪ್ಪು ಕೆಂಪು ಬಾಳೆಹಣ್ಣು ಕಟ್ಟಿಕೊಟ್ಟಳು. ಕಮಲಾಪುರದ ಕೆಂಪು ಬಾಳೆ ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಹಣ್ಣು. ಗೊನೆ ಕೈಗೆ ಬರಲು ಸುಮಾರು ಒಂದೂವರೆ ವರ್ಷ ಕಾಯಬೇಕಾದ್ದರಿಂದ ಬೆಲೆಯೂ ಹೆಚ್ಚು, ಬೆಳೆಯುವವರೂ ಕಡಿಮೆ. ಹೊಸ್ತಿಲು ದಾಟುವಾಗ ಮನೆಯೊಡತಿ ಆಯಿ ಕೂಗಿ ನಿಲ್ಲಿಸಿದರು. ಹಣೆತುಂಬ ವಿಭೂತಿ ಧರಿಸುವ, ಶರಣಬಸವೇಶ್ವರರ ಜಾತ್ರೆಯನ್ನು ತಪ್ಪಿಸದ ಹಿರಿಯ ಜೀವ. ಕೈಯಲ್ಲೊಂದು ಸಕ್ಕರೆ ಪೊಟ್ಟಣ. "ಬಂದೇನವಾಜರ ಕಡೆ ಹೊಂಟೀರಂತ. ಇಷ್ಟು ಸಕ್ಕರಿ ಓದಿಸ್ಕೊಂಡು ಬರ್ರಿ. ಮೊಮ್ಮಗ ಹುಟ್ಟಿದಾಗ ಬೇಡಿಕೊಂಡಿದ್ದೆ," ಎಂದರು. ನಾನು ಏಳು ವರ್ಷದಲ್ಲಿ ಒಮ್ಮೆಯೂ ಕಾಲಿಡದ ಜಾಗ ನನ್ನ ಮನೆಯೊಡತಿಗೆ ಮೊದಲಿನಿಂದಲೂ ಪರಿಚಿತವಾಗಿತ್ತು!

ಕೋಟೆಯ ಬಾಗಿಲಲ್ಲಿ ಹುಡುಗಿಯೂ ಅವಳ ಮುತ್ಯಾನೂ ಕಾದಿದ್ದರು. ಎಪ್ಪತ್ತು ದಾಟಿದ ಸಣಕಲು ಶರೀರ, ಬಿಳಿ ಟೊಪ್ಪಿಗೆ, ಸುಣ್ಣದಲ್ಲಿ ಬೆಂದು ಒರಟಾದ ಬೆರಳುಗಳು. ನಾನೂ ಅವರನ್ನು ಮುತ್ಯಾ ಎಂದೇ ಕರೆದೆ. ಕಂದಕ ದಾಟಿ ಒಳಹೋಗುತ್ತ ನಾನು ಓದಿಕೊಂಡು ಬಂದುದನ್ನು ಒಪ್ಪಿಸಿದೆ: 1347ರಲ್ಲಿ ಅಲಾವುದ್ದೀನ್ ಹಸನ್ ದೆಹಲಿಯ ಹಂಗು ಹರಿದು ಬಹಮನಿ ರಾಜ್ಯ ಕಟ್ಟಿದುದು, ಈ ಊರಿಗೆ ಅಹಸನಾಬಾದ್ ಎಂಬ ಹೆಸರು ಬಂದುದು, ಮುಕ್ಕಾಲು ಶತಮಾನ ಇದೇ ರಾಜಧಾನಿಯಾಗಿದ್ದುದು. ಮುತ್ಯಾ ತಾಳ್ಮೆಯಿಂದ ಕೇಳಿ, "ಅದೆಲ್ಲಾ ಪುಸ್ತಕದಾಗ ಅದರಿ ಮಾಸ್ತರ್. ನಾನು ಕಟ್ಟಿದ್ದು ತೋರಸ್ತೀನಿ, ಬರ್ರಿ," ಎಂದರು. ಬಾಲಾ ಹಿಸಾರವೆಂಬ ದೈತ್ಯಾಕಾರದ ಕಟ್ಟಡವನ್ನೂ ಬುರುಜಿನ ಮೇಲೆ ಮಲಗಿರುವ ಸುಮಾರು 29 ಅಡಿ ಉದ್ದದ ತೋಪನ್ನೂ ಬೆರಳು ಮಾಡಿ ತೋರಿಸಿ, ಅಲ್ಲಿ ನಿಲ್ಲದೆ ಜಾಮಿ ಮಸೀದಿಗೆ ನಡೆದರು.

ಮಸೀದಿಯೆಂದರೆ ನಡುವೆ ಬಯಲಂಗಳ, ಸುತ್ತ ಪಡಸಾಲೆ ಎಂಬುದು ನನ್ನ ಕಲ್ಪನೆ. ಇಲ್ಲಿ ಅಂಗಳವೇ ಇಲ್ಲ; ಸುಮಾರು 216 ಅಡಿ ಉದ್ದ, 176 ಅಡಿ ಅಗಲದ ಇಡೀ ಹರವಿಗೆ ಚಾವಣಿ. ಮೇಲೆ ಸಾಲುಸಾಲಾಗಿ ಕಿರಿಗುಮ್ಮಟಗಳು, ಪಶ್ಚಿಮಕ್ಕೆ ಒಂದು ಹಿರಿಗುಮ್ಮಟ. 1367ರಲ್ಲಿ, ಮೊದಲನೆಯ ಮಹಮ್ಮದ್ ಷಾನ ಆಳ್ವಿಕೆಯಲ್ಲಿ, ಇರಾನಿನ ಕಜ್ವೀನ್ ಪಟ್ಟಣದ ರಫೀ ಎಂಬ ಶಿಲ್ಪಿ ಇದನ್ನು ಕಟ್ಟಿದನೆಂದು ಶಾಸನ ಹೇಳುತ್ತದೆ. ಹೊರಗೆ ಕಣ್ಣು ಕೋರೈಸುವ ಬಿಸಿಲು. ಒಳಗೆ ಕಾಲಿಟ್ಟೊಡನೆ ಬೆಳಕು ಹದವಾಯಿತು, ದನಿ ತಾನಾಗಿಯೇ ತಗ್ಗಿತು. ಹೊರಸಾಲಿನ ಕಮಾನುಗಳು ಬಹಳ ಅಗಲ; ಆದರೆ ಅವುಗಳ ಕಾಲುಗಳು ಮಾತ್ರ ಗಿಡ್ಡ. ಅವುಗಳ ಅಡಿಯಲ್ಲಿ ನಿಂತು ನೋಡಿದರೆ ಒಂದರೊಳಗೊಂದು ಸೇರಿ ದೂರ ದೂರ ಸರಿಯುತ್ತವೆ.

"ಇಷ್ಟು ಅಗಲ ಬಿಟ್ಟರೂ ಹೇಗೆ ನಿಂತಿದೆ ಮುತ್ಯಾ?" ಎಂದೆ.

ಮುತ್ಯಾ ಎರಡು ಅಂಗೈ ಎತ್ತಿ ಬೆರಳ ತುದಿಗಳನ್ನು ಒಂದಕ್ಕೊಂದು ತಾಗಿಸಿದರು. "ಹಿಂಗ ಒರಗಿಸಬೇಕ್ರಿ. ಕಟ್ಟೋ ಮುಂದ ಕೆಳಗ ಕಟಗಿ ಆಸರ ಇರ್ತದ. ನೆತ್ತಿ ಕಲ್ಲು ಕೂಡೋತನಕ ಕಮಾನು ನಿಲ್ಲಂಗಿಲ್ಲ. ಅದು ಕೂತ ಮ್ಯಾಲ ಆಸರ ತೆಗೀಬೇಕು. ಭಾರ ಬಿದ್ದಷ್ಟೂ ಕಲ್ಲು ಕಲ್ಲಿಗೆ ಬಿಗೀತದ." ನಂತರ ಸುಣ್ಣದ ಗಾರೆಯನ್ನು ಹೇಗೆ ಕೊಳೆಯಿಸುತ್ತಿದ್ದರು, ಗಿಲಾವಿನ ಮೈಯನ್ನು ಹೇಗೆ ತಿಕ್ಕಿ ನುಣುಪು ಮಾಡುತ್ತಿದ್ದರು, ಅವಸರದಲ್ಲಿ ಬಳಿದ ಸಿಮೆಂಟು ಹಳೆಯ ಗೋಡೆಯೊಳಗೆ ತೇವವನ್ನು ಹೇಗೆ ಹಿಡಿದಿಡುತ್ತದೆ ಎಂದು ವಿವರಿಸಿದರು. ವಾಕ್ಯವೆಲ್ಲ ಅಚ್ಚ ಕಲಬುರಗಿ ಕನ್ನಡ. ಅದರಲ್ಲಿ ಕಮಾನು, ಗಿಲಾವು, ಗುಮ್ಮಟಗಳು ಕಲ್ಲಿನ ನಡುವೆ ಗಾರೆಯಂತೆ ಕೂತಿದ್ದುವು.

ನಾನು ಮನಸ್ಸಿನಲ್ಲೇ ತಡಕಾಡಿದೆ. ಕಮಾನಿಗೆ ಬೇರೆ ಯಾವ ಪದ? ತೋರಣವೆಂದರೆ ಮಾವಿನೆಲೆ ನೆನಪಾಗುತ್ತದೆ. ಗುಮ್ಮಟಕ್ಕೆ? ಗಿಲಾವಿಗೆ? ಪರ್ಶಿಯದಿಂದ ಬಂದ ಕಟ್ಟಡದೊಡನೆ ಬಂದ ಪದಗಳು ಕಟ್ಟಡದ ಹಾಗೆಯೇ ಇಲ್ಲಿ ಬೇರು ಬಿಟ್ಟಿದ್ದುವು. ಇನ್ನೂ ಯೋಚಿಸಿದಂತೆ ನಾಚಿಕೆ ಹೆಚ್ಚಿತು. ನಾನು ಗೆರೆ ಎಳೆದ ಕಾಗದ, ಗೆರೆ ಎಳೆದ ಶಾಯಿ, ಎರಡೂ ಅದೇ ದಾರಿಯಿಂದ ಬಂದ ಪದಗಳು. ಪರ್ಶಿಯನ್ನಿನ 'ಸಿಯಾಹಿ' ಎಂದರೆ ಕಪ್ಪು. ನಾವು ಅದರಿಂದ ಕೆಂಪು ಶಾಯಿಯನ್ನೂ ಮಾಡಿಕೊಂಡಿದ್ದೇವೆ. ಬೇಡವೆಂದು ಬರೆಯಲೂ ನನಗೆ ಅವೇ ಬೇಕಾಗಿದ್ದುವು.

ಕೋಟೆಯಿಂದ ಆಟೋ ಹಿಡಿದು ಊರಿನ ಪೂರ್ವಕ್ಕೆ, ಹಫ್ತ್ ಗುಂಬಜಿಗೆ ಹೋದೆವು. 'ಹಫ್ತ್' ಎಂದರೆ ಏಳು. ಬಹಮನಿ ಮನೆತನದವರ ಗೋರಿಗಳಿವು. 1378ರಲ್ಲಿ ಚಿಕ್ಕಪ್ಪ ದಾವೂದನ ಒಳಸಂಚಿಗೆ ಸಿಕ್ಕಿ ಸತ್ತ ಮುಜಾಹಿದ್ ಷಾ ಇಲ್ಲಿದ್ದಾನೆ. ಅದೇ ವರ್ಷ ಇನ್ನೊಬ್ಬರ ಕೈಯಿಂದ ಸತ್ತ ದಾವೂದನೂ ಇಲ್ಲೇ ಇದ್ದಾನೆ. ಸಿಂಹಾಸನಕ್ಕಾಗಿ ಒಬ್ಬರನ್ನೊಬ್ಬರು ಸಹಿಸದವರು ಈಗ ಒಂದೇ ಹುಲ್ಲಿನ ಬಯಲನ್ನು ಹಂಚಿಕೊಂಡಿದ್ದಾರೆ. ಎಲ್ಲಕ್ಕೂ ದೊಡ್ಡದು 1422ರಲ್ಲಿ ತೀರಿಕೊಂಡ ಫಿರೋಜ್ ಷಾನದು. ಅಕ್ಕಪಕ್ಕದಲ್ಲಿ ಎರಡು ಗುಮ್ಮಟಗಳ ಜೋಡಿ ಕಟ್ಟಡ. ಫಿರೋಜನು ವಿಜಯನಗರದ ಮೇಲೆ ಯುದ್ಧ ಮಾಡಿದವನು, ವಿಜಯನಗರದ ರಾಜಕುಮಾರಿಯನ್ನು ಮದುವೆಯಾದವನು. ಹಲವು ಭಾಷೆಗಳನ್ನು ಬಲ್ಲವನಾಗಿದ್ದನೆಂದು ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ಅವನ ಗೋರಿಯ ಕಲ್ಲುಗೆಲಸವನ್ನು ಮುತ್ಯಾ ಅಂಗೈಯಿಂದ ಸವರಿ, "ಇದು ಗುಡಿ ಕೆತ್ತಿದ ಮಂದಿ ಕೈಯರಿ. ಮಾಲಕ ಯಾರಾದ್ರೂ ಉಳಿ ಇಲ್ಲೀದೇ," ಎಂದರು. ಮೊದಲ ಗೋರಿಗಳ ಗೋಡೆಗಳು ದೆಹಲಿಯವರ ಪದ್ಧತಿಯಂತೆ ಒಳಕ್ಕೆ ವಾಲಿ ಬಿಗುವಾಗಿವೆ. ಫಿರೋಜನ ಹೊತ್ತಿಗೆ ಗೋಡೆ ಈ ನೆಲದ ಅಲಂಕಾರವನ್ನು ಉಟ್ಟುಕೊಂಡಿತ್ತು.

ಅಲ್ಲಿಂದ ಸ್ವಲ್ಪ ದೂರದಲ್ಲೇ ಖಾಜಾ ಬಂದೇನವಾಜರ ದರ್ಗಾ. 1321ರಲ್ಲಿ ದೆಹಲಿಯಲ್ಲಿ ಹುಟ್ಟಿ, ತೈಮೂರನ ದಾಳಿಯ ಕಾಲದಲ್ಲಿ, 1398ರಲ್ಲಿ, ಆ ನಗರವನ್ನು ಬಿಟ್ಟು, ಇಳಿವಯಸ್ಸಿನಲ್ಲಿ ಕಲಬುರಗಿಗೆ ಬಂದ ಸೂಫಿ ಸಂತರಿವರು. ನೀಳವಾದ ಕೂದಲಿನಿಂದ 'ಗೇಸುದರಾಜ್' ಎಂಬ ಹೆಸರೂ ಉಂಟು. ಮೊದಲು ಆದರದಿಂದ ಬರಮಾಡಿಕೊಂಡ ಫಿರೋಜನಿಗೂ ಇವರಿಗೂ ಮುಂದೆ ಮನಸ್ತಾಪವಾಯಿತು. ಸಂತರ ಆಶೀರ್ವಾದ ಅರಸನ ತಮ್ಮ ಅಹಮದನ ಕಡೆಗಿತ್ತು. ಅರಸ, ಸಂತ ಇಬ್ಬರೂ 1422ರಲ್ಲೇ ಕಾಲವಾದರು. ಪಟ್ಟವೇರಿದ ಅಹಮದ್ ಷಾ ರಾಜಧಾನಿಯನ್ನು ಬೀದರಿಗೆ ಒಯ್ದನು. ಬೀದರಿನ ಬಳಿ ಅಷ್ಟೂರಿನಲ್ಲಿರುವ ಅವನ ಗೋರಿಯ ಉರುಸಿಗೆ ಇಂದಿಗೂ ಕಲಬುರಗಿ ಜಿಲ್ಲೆಯಿಂದ ಜಂಗಮರೊಬ್ಬರು ಹೋಗುತ್ತಾರೆ. ಲಿಂಗಾಯತ ಭಕ್ತರು ಅವನನ್ನು ಅಲ್ಲಮಪ್ರಭು ಎಂದು ಕಾಣುತ್ತಾರೆ. ಅರಸನೊಡನೆ ದರಬಾರು ಹೋಯಿತು, ಸೈನ್ಯ ಹೋಯಿತು. ಫಿರೋಜನ ಗೋರಿಯಲ್ಲಿ ನಾವು ಮೂವರೇ ಇದ್ದೆವು. ದರ್ಗಾದಲ್ಲಿ ಕಾಲಿಡಲು ಜಾಗವಿರಲಿಲ್ಲ.

ಹೂವು, ಊದುಬತ್ತಿ, ಎಣ್ಣೆ ದೀಪ. ಇಳಕಲ್ ಸೀರೆಯ ಹಳ್ಳಿಯ ಹೆಂಗಸರು, ಮಗುವನ್ನು ಹೆಗಲ ಮೇಲೆ ಹೊತ್ತ ರೈತರು, ಟೊಪ್ಪಿಗೆಯ ವರ್ತಕರು. ನನ್ನ ಸಕ್ಕರೆ ಪೊಟ್ಟಣವನ್ನು ಹೇಗೆ ಒಪ್ಪಿಸಬೇಕೆಂದು ತಿಳಿಯದೆ ನಿಂತಾಗ, ಕುಂಕುಮವಿಟ್ಟ ಅಪರಿಚಿತ ತಾಯಿಯೊಬ್ಬರು "ಆ ಕಡೆ ಕೊಡಪ್ಪಾ, ಓದಿ ಕೊಡ್ತಾರ," ಎಂದು ದಾರಿ ತೋರಿಸಿದರು. ಅಲ್ಲಿ ಅಪರಿಚಿತನೆಂದರೆ ನಾನೊಬ್ಬನೇ.

ಮಧ್ಯಾಹ್ನ ಅವರ ಮನೆಗೆ ಕರೆದೊಯ್ದರು. ಒಳಗಿನಿಂದ ಚಹಾ ಬಂತು. ಕೆಂಪು ಬಾಳೆಹಣ್ಣನ್ನು ಮುತ್ಯಾ ಮೂಸಿ ನೋಡಿ, "ಕಮಲಾಪುರದ್ದೇ," ಎಂದು ಮೆಚ್ಚಿದರು. ನಂತರ ಹೆಮ್ಮೆಯಿಂದ, "ನಮ್ಮ ಹುಡುಗಿ ಕನ್ನಡ ಛಂದ ಬರೀತಾಳಂತರಿ. ಓಣಿ ಮ್ಯಾಲ ಏನೋ ಬರದಾಳ. ಓದಿ ಹೇಳಂದ್ರ ವಹಿನೇ ತೋರಸವಲ್ಲಳು. ನೀವಾದರೂ ಹೇಳ್ರಿ, ಹೆಂಗ ಬರದಾಳ?" ಎಂದರು.

ಹುಡುಗಿ ತಲೆ ತಗ್ಗಿಸಿದಳು. ಅವಳು ವಹಿಯನ್ನು ಬಚ್ಚಿಟ್ಟಿದ್ದು ನನ್ನ ಮಾನ ಕಾಯುವುದಕ್ಕೋ, ಮುತ್ಯಾನ ಮನಸ್ಸು ಕಾಯುವುದಕ್ಕೋ, ನಾನರಿಯೆ. 'ಚೆನ್ನಾಗಿ ಬರೆದಿದ್ದಾಳೆ' ಎಂದು ಒಂದು ಮಾತು ಆಡಿ ಏಳಬಹುದಿತ್ತು. ಆದರೆ ಬೆಳಗಿನಿಂದ ನನಗಾಗಿ ಬಿಸಿಲಲ್ಲಿ ನಡೆದ ಆ ಹಿರಿಯರ ಎದುರು ನಾಲಗೆ ಏಳಲಿಲ್ಲ. ಎಲ್ಲವನ್ನೂ ಹೇಳಿದೆ: ಹನ್ನೊಂದು ಗೆರೆ, ನಾಲ್ಕು ಅಂಕ, ಅಂಚಿನ ಮಾತು. ವಹಿಯನ್ನು ತರಿಸಿ ಪ್ರಬಂಧವನ್ನು ಗಟ್ಟಿಯಾಗಿ ಓದಿದೆ. ಗೌಂಡಿ ಎಂಬ ಪದ ಬಂದಲ್ಲೆಲ್ಲ ಮುತ್ಯಾ ತಲೆದೂಗಿದರು. ಮುಗಿದ ಮೇಲೆ ಗೆರೆಗಳನ್ನು ಒಂದೊಂದಾಗಿ ಹೊಡೆದುಹಾಕಿ ಅಂಕ ತಿದ್ದಿದೆ. ತಪ್ಪು ನನ್ನದೆಂದು ಹುಡುಗಿಗೆ ಹೇಳಿದೆ.

ಮುತ್ಯಾ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇರಲಿ ಬಿಡ್ರಿ. ಗುಣಿಕೆ ತಪ್ಪಿದ್ರ ಗೌಂಡೀನೂ ಗೋಡಿ ಬಿಚ್ಚಿ ಕಟ್ಟತಾನ," ಎಂದು ಒಂದು ಹಣ್ಣು ಸುಲಿದು ನನ್ನ ಕೈಗಿಟ್ಟರು.

ವಾಚಕರಲ್ಲಿ ಕಲಬುರಗಿಗೆ ಹೋಗುವವರಿದ್ದರೆ ಬೇಸಗೆಯನ್ನು ಬಿಟ್ಟು ಹೋಗಿ. ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ. ಬೆಳಗಿನ ತಂಪಿನಲ್ಲಿ ಕೋಟೆ, ಆಮೇಲೆ ಹಫ್ತ್ ಗುಂಬಜ್, ದರ್ಗಾ. ಜಿಲ್ಕಾದ ತಿಂಗಳಲ್ಲಿ ನಡೆಯುವ ಉರುಸಿಗಾದರೆ ಜನಸಂದಣಿಗೆ ಸಿದ್ಧರಾಗಿ. ಮಾರ್ಗದರ್ಶಕ ಬೇಕೆಂದರೆ ಆ ಓಣಿಗಳಲ್ಲೇ ಬಾಳಿದವರೊಬ್ಬರನ್ನು ಕೇಳಿಕೊಳ್ಳಿ. ಇಸವಿಗಳು ಪುಸ್ತಕದಲ್ಲಿ ಸಿಕ್ಕುತ್ತವೆ. ಗಾರೆಯನ್ನು ಮುಟ್ಟಿ ತಿಳಿದವರ ಮಾತು ಪುಸ್ತಕದಲ್ಲಿ ಸಿಕ್ಕುವುದಿಲ್ಲ.

ಸಂಜೆ ಕಮಲಾಪುರದಲ್ಲಿ ಆಯಿ ಸಕ್ಕರೆಯನ್ನು ಕಣ್ಣಿಗೊತ್ತಿಕೊಂಡು, ಮೊದಲು ಮೊಮ್ಮಗನ ಬಾಯಿಗೆ, ಆಮೇಲೆ ನನ್ನ ಕೈಗೆ ಹಾಕಿದರು. "ಛಲೋ ಆತು ನೋಡ್ರಿ, ಈಗಾದರೂ ಹೋಗಿ ಬಂದ್ರಿ," ಎಂದರು.

ಸೋಮವಾರ ತರಗತಿಯಲ್ಲಿ ಎಂದಿನಂತೆ ಹಾಜರಿ ಪುಸ್ತಕ ತೆರೆದೆ. ಹಾಜರಿ! ಏಳು ವರ್ಷ ದಿನವೂ ಬಾಯಲ್ಲಿ ಆಡಿದ ಪದ. ಅದು ಎಲ್ಲಿಂದ ಬಂತೆಂದು ಕೇಳಿಕೊಂಡಿರಲಿಲ್ಲ. ಹಿಂದಿನ ಬೆಂಚಿನಿಂದ "ಹಾಜರ್, ಸರ್," ಎಂಬ ದನಿ ಎಂದಿಗಿಂತ ಸ್ವಲ್ಪ ಗಟ್ಟಿಯಾಗಿಯೇ ಕೇಳಿಸಿತು.